ಮಣಕಾಲು ಸಾಲಿಯ ಮೇಡಮ್ಮಾರು

ಕಳೆದ ತಿಂಗಳು ಅವರು ನಿವೃತ್ತರಾದರು. ಆಸ್ಪತ್ರೆಯ ಅಂಗಳದಲ್ಲಿ ಶಾಮಿಯಾನ ಹಾಕಿಸಿ, ಹಾರ, ಶಾಲು ತರಿಸಿ, ಭಾಷಣಕ್ಕೆ ಊರಿನ ನಾಲ್ಕಾರು ಗಣ್ಯರನ್ನು ಗೊತ್ತುಮಾಡಿದ್ದೆವು. ಅವರು ವೇದಿಕೆಗೆ ಬಂದವರೇ ಮೈಕು ಹಿಡಿದುಕೊಂಡು, "ಭಾಷಣ ಶುರು ಆಗೂಕಿಂತ ಮೊದಲ ಎಲ್ಲಾರೂ ಒಮ್ಮೆ ಕೈ ಊರದ ಎದ್ದು ನಿಂದರ್ರಿ ನೋಡೂಣು" ಎಂದರು. ಹಿಂದಿನ ಸಾಲಿನ ಹೆಂಗಸರು ಸರಕ್ಕನೆ ಎದ್ದರು. ಮುಂದಿನ ಸಾಲಿನ ಗಣ್ಯರಲ್ಲಿ ಇಬ್ಬರು ಕುರ್ಚಿಯ ತೋಳು ಹಿಡಿದು ಮುಲುಗಿದರು. "ನೀವಿಬ್ಬರೂ ಊಟಾ ಮಾಡಿ ನನ್ನ ರೂಮಿಗೆ ಬಂದು ಹೋಗ್ರಿ. ಇವತ್ತಿನ ಮಟ ಡ್ಯೂಟಿ ಮ್ಯಾಲನ ಅದೀನಿ" ಎಂದು ಹೇಳಿ ಮೈಕು ಕೊಟ್ಟು ಕುಳಿತರು. ಆಮೇಲೆ ಯಾರು ಏನು ಭಾಷಣ ಮಾಡಿದರೋ ನನಗೆ ನೆನಪಿಲ್ಲ.

ನಮ್ಮದು ಸಿರುಗುಪ್ಪದ ವರ್ತಕರು ಕೂಡಿ ನಡೆಸುವ ಸಣ್ಣ ಧರ್ಮಾಸ್ಪತ್ರೆ. ನಾನು ಅಲ್ಲಿ ನರ್ಸು, ಅವರು ಫಿಜಿಯೋಥೆರಪಿಸ್ಟ್. ಆ ಹೆಸರು ನಾಲಿಗೆಗೆ ಹೊರಳದ ನಮ್ಮ ಜನ ಅವರನ್ನು ‘ಮಣಕಾಲು ಮೇಡಮ್ಮಾರು’ ಎಂದು ಕರೆದರು. ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ಬರೆದರೆ ಬಯ್ಯುತ್ತಾರೆ, ಅವರ ಬೈಗುಳ ತಡೆಯುವುದು ಸುಲಭದ ಮಾತಲ್ಲ.

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಹುಟ್ಟಿ ಬೆಳೆದವರು. ಮನೆ ಮಾತು ತೆಲುಗು, ಓದಿದ್ದು ಕನ್ನಡ, ಓಣಿಯ ಗೆಳತಿಯರಿಂದ ಕಲಿತದ್ದು ಉರ್ದು. ದಿನಾ ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಬಂದು ಹೋಗುತ್ತಿದ್ದರು. ಎತ್ತರದ ಆಳು, ದಪ್ಪ ಅಂಚಿನ ಹತ್ತಿ ಸೀರೆ. ಸೀರೆಯ ಕೆಳಗೆ ಆಟಗಾರರು ಹಾಕುವಂಥ ಬೂಟು. ಮೊದಮೊದಲು ಬಸ್‌ ಸ್ಟ್ಯಾಂಡಿನಲ್ಲಿ ಕಾಲೇಜು ಹುಡುಗಿಯರು ನೋಡಿ ನಗುತ್ತಿದ್ದರಂತೆ. "ಕಾಲು ನನ್ನವು, ನಗು ನಿಮ್ಮದು. ಎರಡೂ ಆರಾಮ ಇರಲಿ" ಎಂದು ಹೇಳಿ ಇವರು ಬಸ್ಸು ಹತ್ತಿದರಂತೆ.

ನಮ್ಮ ಭಾಗದಲ್ಲಿ ಮೊಣಕಾಲು ನೋವಿಲ್ಲದ ಮನೆ ಹುಡುಕಬೇಕು. ಗದ್ದೆಯ ಕೆಸರಿನಲ್ಲಿ ಬಗ್ಗಿ ನಾಟಿ ಹಚ್ಚಿದ ಹೆಂಗಸರು, ರೈಸ್ ಮಿಲ್ಲಿನಲ್ಲಿ ಚೀಲ ಹೊತ್ತ ಗಂಡಸರು, ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುತ್ತ ಮಶೀನಿನ ಮುಂದೆ ಕುಳಿತೇ ವಯಸ್ಸಾದವರು, ಎಲ್ಲರೂ ಬರುತ್ತಿದ್ದರು. ಎಲ್ಲರ ಬಾಯಲ್ಲೂ ಒಂದೇ ಮಾತು: "ಸವೆದು ಹೋಗೈತಂತ್ರಿ." ಯಾರೋ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು ಆ ಒಂದು ಮಾತು ಹೇಳಿ ಕಳಿಸಿರುತ್ತಿದ್ದರು. ಸವೆದಿದೆ ಅಂದಮೇಲೆ ಇನ್ನಷ್ಟು ಸವೆಸುವುದು ಯಾಕೆ ಎಂದು ಆ ಜನ ನಡೆಯುವುದನ್ನೇ ಬಿಡುತ್ತಿದ್ದರು.

ಮೇಡಮ್ಮಾರಿಗೆ ಆ ಶಬ್ದ ಕೇಳಿದರೆ ಮೈ ಉರಿಯುತ್ತಿತ್ತು. "ಸವೆಯೂದು ಚಪ್ಪಲಿ, ಬಂಡಿ ಅಚ್ಚು. ಬಂಡಿ ತನ್ನ ರಿಪೇರಿ ತಾನ ಮಾಡ್ಕೊಂತೈತೇನು? ಕಾಲು ಮಾಡ್ಕೊಂತೈತಿ. ಆದ್ರ ಅದಕ್ಕ ನಡದಾಟ ಬೇಕು. ನೀ ನಡದ್ರ ಅದಕ್ಕ ಊಟ. ಕುಂತ್ರ ಉಪವಾಸ."

ಬುಧವಾರ ಮುಂಜಾನೆ ಬಿಸಿಲೇರುವ ಮುಂಚೆ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಅವರು ಒಂದು ತರಗತಿ ನಡೆಸುತ್ತಿದ್ದರು. ಅದಕ್ಕೆ ‘ಮಣಕಾಲು ಸಾಲಿ’, ಅಂದರೆ ಮೊಣಕಾಲಿನ ಶಾಲೆ, ಎಂಬ ಹೆಸರಿಟ್ಟವರು ರೋಗಿಗಳೇ. ಬೆಂಚು, ಕುರ್ಚಿ, ಸುತ್ತಿಟ್ಟ ಟವೆಲುಗಳು, ಅಷ್ಟೇ ಸಾಮಾನು. ಟವೆಲು ಮೊಣಕಾಲ ಕೆಳಗಿಟ್ಟು ಒತ್ತಬೇಕು, ಕುರ್ಚಿಯಿಂದ ಕೈ ಊರದೆ ಏಳಬೇಕು, ಗೋಡೆ ಹಿಡಿದು ಹಿಮ್ಮಡಿ ಎತ್ತಬೇಕು. ಕೋಲನ್ನು ನೋವಿನ ಕಡೆಗಲ್ಲ, ಅದರ ಎದುರಿನ ಕೈಯಲ್ಲಿ ಹಿಡಿಯಬೇಕು. ಮೆಟ್ಟಿಲಿಗೆ ಅವರದೇ ಒಂದು ಮಾತಿತ್ತು: "ಏರಾಗ ಶಾಣ್ಯಾ ಕಾಲು ಮುಂದ, ಇಳಿಯಾಗ ಮೊಂಡ ಕಾಲು ಮುಂದ." ಶಾಣ್ಯಾ ಎಂದರೆ ನೋವಿಲ್ಲದ್ದು, ಮೊಂಡ ಎಂದರೆ ನೋಯುವುದು. ವ್ಯಾಯಾಮ ಮಾಡಿದರೆ ನೋಯುತ್ತದೆ ಎಂದು ಯಾರಾದರೂ ಅಳುಮುಖ ಮಾಡಿದರೆ, "ಮರುದಿನ ಮುಂಜಾನಿ ಹೊತ್ತಿಗೆ ಇಳಿದ್ರ ಅದು ಕೆಲಸದ ನೋವು, ಹೆದರಬ್ಯಾಡ. ಇಳೀಲಿಲ್ಲಂದ್ರ ನೀ ಹೆಚ್ಚು ಮಾಡೀ, ಒಂದೀಟು ಕಡಿಮಿ ಮಾಡು" ಎನ್ನುತ್ತಿದ್ದರು. ಮಾತಿಗೆ ಮಾತು, ನಗುವಿಗೆ ನಗು. ಆ ಕೋಣೆಯ ಗದ್ದಲ ಕೇಳಿದವರಿಗೆ ಒಳಗೆ ಮದುವೆ ಮನೆಯ ಹೆಂಗಸರು ಕೂಡಿದ್ದಾರೆ ಅನ್ನಿಸಬೇಕು.

ಹುಸೇನಬಿ ಎಂಬ ವಯಸ್ಸಾದ ಹೆಂಗಸು ಆ ಕೋಣೆಗೆ ಬಂದ ಮೊದಲ ದಿನ ಒಂದು ಮೂಲೆಯಲ್ಲಿ ಕುಳಿತು ಅತ್ತುಬಿಟ್ಟರು. ನೋವಿಗಲ್ಲ. "ಬಗ್ಗಿದ್ರ ಏಳಾಕ ಬರವಲ್ದ್ರೀ. ಹಣಿ ನೆಲಕ್ಕ ಹಚ್ಚಿ ಸಜ್ದಾ ಮಾಡಾಕ ಆಗವಲ್ದು. ಸಜ್ದಾ ಇಲ್ದ ನಮಾಜ್ ಎಂಥಾದ್ರೀ?" ನಾನಾಗಿದ್ದರೆ ಏನೋ ಒಂದು ಸಮಾಧಾನ ಹೇಳಿ ಕಳಿಸುತ್ತಿದ್ದೆ. ಮೇಡಮ್ಮಾರು, "ಇದಕ್ಕ ಉತ್ತರ ಕೊಡೂದು ನನ್ನ ಕೆಲಸ ಅಲ್ಲ. ಕೊಡೋರ ಹತ್ರ ಹೋಗೂಣು, ಏಳ್ರಿ" ಎಂದು ಅವರನ್ನು ಕರೆದುಕೊಂಡು ಮಸೀದಿಯಲ್ಲಿ ನಮಾಜು ಮಾಡಿಸುವ ಹಜರತರ ಮನೆಗೇ ಹೋದರು. ಹಜರತರು ಕೇಳಿ, "ಆಗದವರಿಗೆ ಖುದಾ ದಾರಿ ಇಟ್ಟಾನಮ್ಮಾ. ಕುರ್ಚಿ ಮ್ಯಾಲ ಕುಂತು ತಲಿ ಬಗ್ಗಿಸಿದ್ರ ಅದೂ ನಮಾಜ್" ಎಂದರು. ಹುಸೇನಬಿಯ ಮುಖ ಅರಳಿತು. ಮೇಡಮ್ಮಾರು ಅಷ್ಟಕ್ಕೆ ಎದ್ದು ಬರುವವರಲ್ಲ. "ಇದನ್ನ ಶುಕ್ರವಾರ ಎಲ್ಲಾರಿಗೂ ಕೇಳಿಸೂ ಹಂಗ ಹೇಳ್ರಿ ಹಜರತ್. ಎಷ್ಟೋ ಮನಿಯಾಗ ಇದ ಅಳು ಐತಿ" ಎಂದು ಮಾತು ತೆಗೆದುಕೊಂಡೇ ಬಂದರು. ಹುಸೇನಬಿ ಬುಧವಾರ ತಪ್ಪಿಸಲಿಲ್ಲ. ಕೆಲವು ತಿಂಗಳ ಮೇಲೆ ಒಂದು ದಿನ, ಮುಂಜಾನೆ ಕಾಲು ಬಿಗಿದಿರುತ್ತದೆ, ಆಗ ಕುರ್ಚಿಯೇ ಗತಿ, ಆದರೆ ಮಧ್ಯಾಹ್ನದ ನಮಾಜಿಗೆ ಮಂಚದ ಪಟ್ಟಿ ಹಿಡಿದು ಕೆಳಗಿಳಿಯುತ್ತೇನೆ, ಹಿಡಿದೇ ಏಳುತ್ತೇನೆ ಎಂದು ಎಲ್ಲರ ಮುಂದೆ ಹೇಳಿದರು. ಇಡೀ ಸಾಲಿ ಚಪ್ಪಾಳೆ ತಟ್ಟಿತು.

ಎಲ್ಲವೂ ಹೀಗೆ ಗೆಲುವೇ ಆಗಿರಲಿಲ್ಲ. ಈರಣ್ಣ ಎಂಬ ಹಮಾಲ ಇದ್ದ. ರೈಸ್ ಮಿಲ್ಲಿನಲ್ಲಿ ಚೀಲ ಹೊರುವವನು. ನಗುಮುಖದ, ಕಟ್ಟುಮಸ್ತಾದ ಮನುಷ್ಯ. ನೋವು ಬಂದರೆ ಅಂಗಡಿಯಲ್ಲಿ ಗುಳಿಗೆ ತೆಗೆದುಕೊಂಡು ನುಂಗುತ್ತಿದ್ದ. ಒಂದು ನುಂಗುವುದು ಹೋಗಿ ಊಟದಂತೆ ಹೊತ್ತು ಹೊತ್ತಿಗೂ ನುಂಗುವುದಾಯಿತು. ಒಮ್ಮೆ ಸಾಲಿಗೆ ಬಂದಾಗ ಮೇಡಮ್ಮಾರು, "ಹಂಗ ನುಂಗಬ್ಯಾಡೋ ಈರಣ್ಣ, ಕಿಡ್ನಿ ಹೋಗ್ತಾವ" ಎಂದರು. "ಆತ್ರೀ" ಎಂದು ನಕ್ಕು ಹೋದ. ಮುಂದೆ ಬರಲಿಲ್ಲ. ಕೆಲವು ಕಾಲದ ನಂತರ ಮುಖ, ಕಾಲು ಬಾತು ಬಳ್ಳಾರಿಯ ಆಸ್ಪತ್ರೆಗೆ ಹೋದನೆಂದು ಕೇಳಿದೆವು. ಹೋದವನು ತಿರುಗಿ ಬರಲಿಲ್ಲ.

ಮೇಡಮ್ಮಾರು ಅವನ ಮನೆಗೆ ಹೋಗಿ ಬಂದರು. ಅವತ್ತು ಬಸ್ಸಿಗೆ ಹೊತ್ತಾಗಿದ್ದರೂ ನಮ್ಮ ಡ್ಯೂಟಿ ಕೋಣೆಯಲ್ಲಿ ಕುಳಿತೇ ಇದ್ದರು. ನಾನು ಚಹಾ ಕೊಟ್ಟು, "ನೀವು ಹೇಳಿದ್ರಲ್ಲ ಮೇಡಮ್, ಅವ ಕೇಳಲಿಲ್ಲ" ಎಂದೆ.

"ಹೇಳಿದ್ದೆ. ಕಲಿಸಿರಲಿಲ್ಲ" ಎಂದರು. "ಹೇಳೂದು ಬ್ಯಾರೆ, ಕಲಿಸೂದು ಬ್ಯಾರೆ ಸಿಸ್ಟರ್. ಕಿಡ್ನಿ ಅಂದ್ರ ಏನು, ಎಲ್ಲಿರ್ತಾವ ಅಂತ ಅವಗ ಗೊತ್ತಿತ್ತೋ ಇಲ್ಲೋ. ನಾ ಕೇಳಲೇ ಇಲ್ಲ. ಅವ ಆತ್ರೀ ಅಂದ, ನಾ ಆತು ಅಂದ್ಕೊಂಡೆ."

ಆ ಹೊತ್ತಿನಲ್ಲೇ ಅವರು ತಮ್ಮ ತಾಯಿಯ ವಿಷಯ ಹೇಳಿದ್ದು. ಆ ತಾಯಿಗೂ ಮೊಣಕಾಲು ನೋವು. ಮಕ್ಕಳು, ಸೊಸೆಯಂದಿರು ಎಲ್ಲ ಬಂಗಾರದಂಥವರು. ನೀರು ಬೇಕೇ, ಕುಂದ್ರಮ್ಮಾ, ನಾವು ತರ್ತೀವಿ. ಪೂಜೆಯೇ, ಕುಂದ್ರಮ್ಮಾ, ದೇವರನ್ನೇ ಇಲ್ಲಿಗೆ ತರ್ತೀವಿ. ಹಾಗೆ ಮಂಚ ಹಿಡಿದ ತಾಯಿ ಏಳಲೇ ಇಲ್ಲ. "ಯಾರೂ ಕೆಟ್ಟದ್ದು ಮಾಡಲಿಲ್ಲ. ಪ್ರೀತಿಯಿಂದ ಕೂಡಿಸಿಬಿಟ್ವಿ" ಎಂದರು.

ಮುಂದಿನ ಬುಧವಾರದಿಂದ ಸಾಲಿಯ ರೀತಿಯೇ ಬದಲಾಯಿತು. ಮೊದಲ ಪಾಠ ಗುಳಿಗೆಯದು. ಯಾವ ಗುಳಿಗೆ, ಯಾರು ಹೇಳಿದರೆ, ಎಷ್ಟು ದಿನ; ಬಿ.ಪಿ., ಸಕ್ಕರೆ ಕಾಯಿಲೆ ಇದ್ದವರು ಯಾಕೆ ಡಾಕ್ಟರನ್ನು ಕೇಳದೆ ಮುಟ್ಟಬಾರದು. ಹೇಳಿ ಮುಗಿಸಿದ ಮೇಲೆ ಒಬ್ಬೊಬ್ಬರನ್ನೇ ನಿಲ್ಲಿಸಿ, "ಈಗ ನೀ ನನಗ ಹೇಳು. ನಾ ಪೇಷಂಟು, ನೀ ಮೇಡಮ್" ಎನ್ನುತ್ತಿದ್ದರು. ತಪ್ಪು ಹೇಳಿದರೆ ಬಯ್ಯುತ್ತಿರಲಿಲ್ಲ. "ನಾ ಸರಿಯಾಗಿ ಹೇಳಿಲ್ಲ, ಇನ್ನೊಮ್ಮೆ ಹೇಳ್ತೀನಿ" ಎಂದು ಮೊದಲಿಂದ ಶುರು ಮಾಡುತ್ತಿದ್ದರು. ಯಾರಿಗೂ ಸೋಲದ ಅವರು ತಪ್ಪನ್ನು ಹಾಗೆ ತಮ್ಮ ಮೇಲೆ ಹಾಕಿಕೊಳ್ಳುವುದನ್ನು ನೋಡಿ ನನಗೆ ಸೋಜಿಗವಾಗುತ್ತಿತ್ತು.

ಒಮ್ಮೆ ಆ ಕೋಣೆಯೇ ಹೋಗುವ ಹೊತ್ತು ಬಂತು. ಆಸ್ಪತ್ರೆ ನಡೆಸುವ ವರ್ತಕರ ಆಗಿನ ಅಧ್ಯಕ್ಷರು ಕೆಟ್ಟವರಲ್ಲ, ಆದರೆ ಆಸ್ಪತ್ರೆ ಎಂದರೆ ಸೂಜಿ, ಔಷಧ, ಮಂಚ ಎಂದು ತಿಳಿದವರು. "ಮಾತಾಡಿ ಯಾವ ರೋಗ ವಾಸಿ ಆಗ್ತೈತಿ ಮೇಡಮ್? ಕೋಣಿ ನಮಗ ಸಾಮಾನು ಇಡಾಕ ಬೇಕು" ಎಂದು ಬೀಗ ಹಾಕಿಸಿದರು. ಮೇಡಮ್ಮಾರು ವಾದ ಮಾಡಿ ನೋಡಿದರು, ಆಗಲಿಲ್ಲ. ಬುಧವಾರ ಬಂತು. ಬಂದ ಹೆಂಗಸರಿಗೆ ನಾನೇ ವಿಷಯ ಹೇಳಿ, ಮನೆಗೆ ಹೋಗಿರಿ ಎಂದೆ.

ಯಾರೂ ಹೋಗಲಿಲ್ಲ. ಹುಸೇನಬಿ ಮುಂದಾಗಿ ಎಲ್ಲರನ್ನೂ ಅಧ್ಯಕ್ಷರ ಕೋಣೆಯ ಮುಂದಿನ ಪಡಸಾಲೆಗೆ ಕರೆದುಕೊಂಡು ಹೋದರು. ಅಲ್ಲಿ ಗೋಡೆಗುಂಟ ಸಾಲಾಗಿ ನಿಂತು, ಗೋಡೆ ಹಿಡಿದು, ಹಿಮ್ಮಡಿ ಎತ್ತಿ ಇಳಿಸತೊಡಗಿದರು. ಅಧ್ಯಕ್ಷರು ಹೊರಗೆ ಬಂದು, "ಇದೇನಮ್ಮಾ, ಕುಂದ್ರಿರಿ, ಬೆಂಚು ಅದಾವಲ್ಲ" ಎಂದರು. ಹುಸೇನಬಿ, "ಮೇಡಮ್ಮಾರು ಬಾಳ ಹೊತ್ತು ಕುಂದ್ರಬ್ಯಾಡ ಅಂದಾರ್ರೀ" ಎಂದರು. ಯಾರ ದನಿಯೂ ಏರಲಿಲ್ಲ. ಯಾರೂ ಕೂಗಲಿಲ್ಲ. ವಯಸ್ಸಾದ ಅಷ್ಟು ಹೆಂಗಸರು ಬಿಸಿಲೇರುವ ತನಕ ಬೆನ್ನು ನೆಟ್ಟಗೆ ಮಾಡಿ ನಿಂತೇ ಇದ್ದರು. ಕೆಲವರು ಹಿಂದೆ ಇದೇ ಪಡಸಾಲೆಗೆ ಮಕ್ಕಳ ಹೆಗಲ ಮೇಲೆ ಬಂದವರು. ಅಧ್ಯಕ್ಷರಿಗೂ ಅದು ನೆನಪಿಗೆ ಬಂದಿರಬೇಕು. ಕಡೆಗೆ ಅವರು ತಲೆ ಕೆರೆದುಕೊಂಡು, "ಇವ್ರು ನಿಂತ್ರ ನನಗ ಒಳಗ ಕುಂದ್ರಾಕ ಆಗವಲ್ದು. ಕೀಲಿ ತಗೀರಿ ಸಿಸ್ಟರ್" ಎಂದರು. ಮೇಡಮ್ಮಾರು ಅದನ್ನೆಲ್ಲ ದೂರದ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬಂದು ಹೇಳಿದ್ದು ಒಂದೇ ಮಾತು: "ಹಿಮ್ಮಡಿ ಇಳಿಸಾಗ ಅವಸರ ಮಾಡಿದ್ರಿ. ಮೆಲ್ಲಕ ಇಳಿಸಬೇಕು."

ಈಗ ಹಂಪಮ್ಮನ ವಿಷಯ ಹೇಳಬೇಕು.

ಹಂಪಮ್ಮ ಕುರುಗೋಡಿನವಳು. ಅಲ್ಲಿಯ ಒಂದು ಖಾನಾವಳಿಗೆ ಜೋಳದ ರೊಟ್ಟಿ ಮಾಡಿಕೊಡುವುದು ಅವಳ ಕಸುಬು. ಹರೆಯದಿಂದಲೂ ನೆಲದ ಮೇಲೆ ಕಾಲು ಮಡಚಿ ಕುಳಿತು, ಒಲೆಯ ಮುಂದೆ ರೊಟ್ಟಿ ಬಡಿದವಳು. ಸಾಲಿಗೆ ಬಂದಾಗ ಮಗಳ ಕೈ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ಕೆಲಸ ಬಿಟ್ಟು ಮನೆಯಲ್ಲಿ ಮಲಗು ಎಂದು ಎಲ್ಲರೂ ಹೇಳಿದ್ದರು. ಅವಳಿಗೆ ಮಲಗುವುದೆಂದರೆ ಸತ್ತಂತೆ.

ಅವಳಿಗೆ ಪಾಠ ಹೇಳಿ ಕಳಿಸಿದರೆ ಸಾಲದು ಎಂದು ಮೇಡಮ್ಮಾರು ನನ್ನನ್ನೂ ಕರೆದುಕೊಂಡು ಕುರುಗೋಡಿಗೆ ಹೋದರು. ಅಡುಗೆ ಮನೆಯಲ್ಲಿ ನಿಂತು, ಅವಳನ್ನು ರೊಟ್ಟಿ ಮಾಡು ಎಂದು ಕೂಡಿಸಿ, ಹೇಗೆ ಕೂರುತ್ತಾಳೆ, ಹೇಗೆ ಏಳುತ್ತಾಳೆ ಎಲ್ಲ ನೋಡಿದರು. ಆಮೇಲೆ, "ಒಲಿ ಮ್ಯಾಲ ಬರಬೇಕು. ನಿನ್ನ ಸೊಂಟದ ಮಟ ಒಂದು ಕಟ್ಟಿ ಕಟ್ಟಿಸು. ನಿಂತು ಮಾಡು, ಸಾಕಾದ್ರ ಎತ್ತರದ ಸ್ಟೂಲಿನ ಮ್ಯಾಲ ಕುಂದ್ರು" ಎಂದರು.

ಹಂಪಮ್ಮ ಬಾಯ ಮೇಲೆ ಕೈಯಿಟ್ಟುಕೊಂಡಳು. "ನಿಂತು ಬಡದ್ರ ರೊಟ್ಟಿ ಆಗ್ತಾವೇನ್ರೀ?"

"ನೀ ಕುಂತೀಯೋ ನಿಂತೀಯೋ ರೊಟ್ಟಿಗೇನು ಗೊತ್ತು?"

ಕಟ್ಟೆ ಎದ್ದಿತು. ಮೊದಲ ವಾರದ ರೊಟ್ಟಿಗಳು ಅಂಚು ಹರಿದವಂತೆ, ಖಾನಾವಳಿಯವನು ಗೊಣಗಿದನಂತೆ. ಮುಂದೆ ಕೈ ಕುದುರಿತು. ತೂಕ ಒಂದಿಷ್ಟು ಇಳಿಯಿತು, ತೊಡೆ ಗಟ್ಟಿಯಾಯಿತು. ಮಗಳ ಕೈ ಬಿಟ್ಟು ಒಬ್ಬಳೇ ಬಸ್ಸು ಹತ್ತಿ ಸಿರುಗುಪ್ಪಕ್ಕೆ ಬರತೊಡಗಿದಳು. ಹೊಸಬರು ಯಾರಾದರೂ ಬಂದರೆ ಮೇಡಮ್ಮಾರು, "ಆಕಿನ್ನ ಕೇಳ್ರಿ" ಎಂದು ಅವಳ ಕಡೆ ಕೈ ತೋರಿಸುತ್ತಿದ್ದರು. ಹೀಗೆ ವರ್ಷಗಳು ಕಳೆದವು. ನಮ್ಮ ಸಾಲಿಯ ಹೆಸರು ಅವಳಿಂದ, ಅವಳ ಹೆಸರು ನಮ್ಮ ಸಾಲಿಯಿಂದ ಎನ್ನುವಂತಾಗಿತ್ತು.

ಹೋದ ವರ್ಷ ಇದ್ದಕ್ಕಿದ್ದಂತೆ ಹಂಪಮ್ಮ ಬರುವುದು ನಿಂತುಹೋಯಿತು. ಒಂದು ಬುಧವಾರ ಬರಲಿಲ್ಲ, ಮದುವೆಯೋ ಮುಂಜಿಯೋ ಇರಬೇಕೆಂದುಕೊಂಡೆವು. ಮುಂದೆಯೂ ಬರಲಿಲ್ಲ. ಫೋನು ಮಾಡಿದರೆ ಮಗಳು, "ಅವ್ವ ಹೊರಗ ಹೋಗ್ಯಾಳ್ರಿ" ಎನ್ನುತ್ತಿದ್ದಳು. ಮೇಡಮ್ಮಾರು ಮತ್ತೆ ಬೂಟಿನ ದಾರ ಬಿಗಿದು, "ಬಾ ಸಿಸ್ಟರ್" ಎಂದರು.

ನಾವು ಹೋದಾಗ ಹಂಪಮ್ಮ ಬಾಗಿಲ ಹಿಂದೆ ಸರಿದು ನಿಂತಳು. ಬಲಗಾಲು ಬಿಲ್ಲಿನಂತೆ ಸೊಟ್ಟಗಾಗಿತ್ತು. ನೋವಿಗೆ ನಿದ್ದೆ ಹತ್ತುತ್ತಿರಲಿಲ್ಲವಂತೆ, ನಾಲ್ಕು ಹೆಜ್ಜೆ ನಡೆಯುವುದೂ ಕಷ್ಟವಂತೆ. ಅದನ್ನು ಹೇಳಿದ್ದು ಮಗಳು. ಹಂಪಮ್ಮ ತಲೆ ತಗ್ಗಿಸಿ ನಿಂತಿದ್ದಳು.

"ಇಷ್ಟು ಆಗೂ ತನಕ ಯಾಕ ಬರಲಿಲ್ಲ?" ಎಂದು ಮೇಡಮ್ಮಾರು ಕೇಳಿದರು.

"ಹೆಂಗ ಬರಲ್ರಿ? ನೀವು ಎಲ್ಲಾರಿಗೂ ಹಂಪಮ್ಮನ್ನ ನೋಡ್ರಿ ಅಂತಿದ್ರಿ. ಈ ಕಾಲು ತಗೊಂಡು ಬಂದ್ರ ನೀವು ಕಲಿಸಿದ್ದು ಸುಳ್ಳಾತು ಅಂತಾರ ಮಂದಿ. ನಿಮ್ಮ ಮರ್ಯಾದಿ ಹೋಗ್ತೈತಂತ ಬರಲಿಲ್ರಿ."

ಮೇಡಮ್ಮಾರು ಅವಳ ಗದ್ದ ಹಿಡಿದು ಮುಖ ಎತ್ತಿದರು. "ಲೇ ಹಂಪಿ, ನನ್ನ ಮರ್ಯಾದಿ ನಿನ್ನ ಮಣಕಾಲಾಗ ಇಟ್ಟೀನೇನು?"

ಅಷ್ಟು ವರ್ಷಗಳಲ್ಲಿ ಅವರು ಅವಳನ್ನು ಏಕವಚನದಲ್ಲಿ ಕರೆದದ್ದು ಹೊಸದಲ್ಲ. ಆದರೆ ಈ ‘ಲೇ ಹಂಪಿ’ ಒಡಹುಟ್ಟಿದವರ ಸಲಿಗೆಯದು. ಹಂಪಮ್ಮ ಅಳುತ್ತಲೇ ನಕ್ಕಳು. ಮೇಡಮ್ಮಾರು ಅಲ್ಲೇ ಕಟ್ಟೆಗೆ ಒರಗಿ ನಿಂತು ಸಮಾಧಾನದಿಂದ ಹೇಳಿದರು: "ನೀ ಕಾಲು ಗಟ್ಟಿ ಮಾಡ್ಕೊಂಡಿ, ಅದಕ್ಕ ಇಷ್ಟು ವರ್ಷ ನಡೀತು. ಈಗ ಆಪರೇಷನ್ ಬೇಕು. ಅದು ಸೋಲಲ್ಲ. ಎಲ್ಲಾರಿಗೂ ಬೇಕಾಗಂಗಿಲ್ಲ, ನಿನಗ ಬೇಕಾಗೈತಿ. ಗಟ್ಟಿ ಕಾಲಿಗೆ ಆಪರೇಷನ್ ಆದ್ರ ಲಗೂನ ಏಳ್ತೀ. ಬುಧವಾರ ಬಾ. ಬಂದು ಎಲ್ಲಾರ ಮುಂದ ನೀನ ಹೇಳು."

ಅವಳು ಬಂದಳು. ಮಗಳ ಹೆಗಲು ಹಿಡಿದು, ಸೊಟ್ಟ ಕಾಲು ಎಳೆದುಕೊಂಡು ಬಂದು, ಎಲ್ಲರ ಮುಂದೆ ಸೀರೆ ಮೇಲೆತ್ತಿ ಮೊಣಕಾಲು ತೋರಿಸಿ, "ಆಪರೇಷನ್ ಮಾಡಿಸ್ಕೊಳ್ಳಾಕ ಹೊಂಟೀನಿ" ಎಂದಳು. ಮೇಡಮ್ಮಾರು ಅಂಜಿದವರಲ್ಲ, ಅವತ್ತು ನಾನು ಅಂಜಿದ್ದೆ. ಜನ ಸಾಲಿ ಬಿಟ್ಟು ಹೋಗುತ್ತಾರೇನೋ ಎಂದು. ಒಬ್ಬರೂ ಬಿಡಲಿಲ್ಲ. ಆಪರೇಷನ್ ಎಂಬ ಶಬ್ದವನ್ನು ಪಿಸುಗುಟ್ಟುತ್ತಿದ್ದವರು ಅವತ್ತು ಬಾಯಿಬಿಟ್ಟು ಪ್ರಶ್ನೆ ಕೇಳಿದರು.

ಬಳ್ಳಾರಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮುನ್ನಾದಿನದ ತನಕ ಹಂಪಮ್ಮ ಟವೆಲು ಒತ್ತುವುದನ್ನು ಬಿಟ್ಟಿರಲಿಲ್ಲವಂತೆ. ಮರುದಿನ ನಾವಿಬ್ಬರೂ ನೋಡಲು ಹೋದೆವು. ಮೇಡಮ್ಮಾರ ಕೈಯಲ್ಲಿ ಹಣ್ಣಿನ ಚೀಲ. ದಾರಿಯುದ್ದಕ್ಕೂ ಅವರು, ಹಂಪಮ್ಮ ಅಳುತ್ತ ಮಲಗಿದ್ದರೆ ಏನು ಹೇಳುವುದು, ಕಾಲು ಊರಲು ಒಪ್ಪದಿದ್ದರೆ ಹೇಗೆ ಒಪ್ಪಿಸುವುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರೆಂದು ಕಾಣುತ್ತದೆ.

ವಾರ್ಡಿನ ಬಾಗಿಲಿಗೆ ಬಂದಾಗ ಹಂಪಮ್ಮನ ಮಂಚ ಖಾಲಿ. ಅವಳು ವಾಕರ್ ಹಿಡಿದು ಪಕ್ಕದ ಮಂಚದ ಹತ್ತಿರ ನಿಂತಿದ್ದಳು. ಆ ಮಂಚದಲ್ಲಿದ್ದವಳಿಗೂ ಅದೇ ಆಪರೇಷನ್ ಆಗಿತ್ತು. ಅವಳು ಕಣ್ಣು ಒರೆಸಿಕೊಳ್ಳುತ್ತ, ಏಳಲಾರೆ ಎಂದು ಗೋಗರೆಯುತ್ತಿದ್ದಳು. ಹೆಣ್ಣುಮಕ್ಕಳಿಬ್ಬರು, ಬೇಡಮ್ಮಾ, ಮಲಗು ಎಂದು ಅವಳ ತಲೆ ಸವರುತ್ತಿದ್ದರು. ಪಕ್ಕದಲ್ಲಿ ನಿಂತಿದ್ದ ವಾರ್ಡಿನ ನರ್ಸಿಗೆ ಒಲಿಸಿ ಒಲಿಸಿ ಸಾಕಾಗಿತ್ತು.

"ಏ ತಂಗೀರಾ, ಅಕಿನ್ನ ಮಲಗಸಬ್ಯಾಡ್ರಿ" ಎಂದಳು ಹಂಪಮ್ಮ. "ನೋಡವ್ವಾ, ನಾ ರೊಟ್ಟಿ ಮಾಡಾಕಿ. ಜೋಳದ ಹಿಟ್ಟು ಬಿಸಿ ಇರಾಗ್ಲೇ ನಾದಿ ತಟ್ಟಬೇಕು. ಆರಿದ ಮ್ಯಾಲ ತಟ್ಟಿದ್ರ ಬಿರೀತಾವ. ಕಾಲೂ ಹಂಗ. ಇವತ್ತು ನೋಯ್ತೈತಿ ಅಂತ ಬಿಟ್ಟಿ, ನಾಳಿಗೆ ಬಗ್ಗಂಗಿಲ್ಲ. ನನಗೂ ನೋವೈತಿ. ಇಲ್ಲ ಅನ್ನಂಗಿಲ್ಲ. ಏಳು, ನಾ ಇಲ್ಲೇ ಅದೀನಿ, ಸಿಸ್ಟರ್ ಹಿಡ್ಕೊಂತಾರ."

ಮೇಡಮ್ಮಾರು ಅವಸರದಿಂದ ಒಳಗೆ ಹೆಜ್ಜೆ ಇಟ್ಟರು. ಹಂಪಮ್ಮ ತಲೆಯೆತ್ತಿ ನೋಡಿದಳು. ನಮಸ್ಕಾರವಿಲ್ಲ, ನಗುವಿಲ್ಲ. ಒಂದು ಕೈ ವಾಕರಿನ ಮೇಲಿಂದ ತೆಗೆದು, ತಡೆ ಎನ್ನುವಂತೆ ಮುಂದೆ ಮಾಡಿದಳು.

"ಅಲ್ಲೇ ನಿಂದರ್ರಿ ಮೇಡಮ್ಮಾರ. ಈಕಿ ಈಗ ಕಾಲು ಊರಾಕ ಹತ್ಯಾಳ. ನಡುವ ಬರಬ್ಯಾಡ್ರಿ."

ಅಧ್ಯಕ್ಷರ ಮಾತಿಗಾಗಲಿ ಡಾಕ್ಟರ ಮಾತಿಗಾಗಲಿ ಎಂದೂ ನಿಲ್ಲದ ಮೇಡಮ್ಮಾರು ಇಟ್ಟ ಹೆಜ್ಜೆ ಹಿಂದೆ ತೆಗೆದರು. ಹಣ್ಣಿನ ಚೀಲವನ್ನು ನನ್ನ ಕೈಗೆ ಕೊಟ್ಟು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಒಳಗೆ ಆ ಹೆಂಗಸು ನರ್ಸಿನ ಭುಜ ಹಿಡಿದು, ಹಲ್ಲು ಕಚ್ಚಿ, ಮೆಲ್ಲಗೆ ಎದ್ದಳು. ಹಂಪಮ್ಮ ಅವಳ ಮುಂದೆ ಮುಂದೆ ಹೆಜ್ಜೆ ಹಾಕುತ್ತ ಕಿಟಕಿಯ ತನಕ ಕರೆದುಕೊಂಡು ಹೋದಳು.

ಅಷ್ಟು ಹೊತ್ತೂ ಮೇಡಮ್ಮಾರು ಬಾಗಿಲಲ್ಲೇ ನಿಂತಿದ್ದರು. ಆ ವಾರ್ಡಿನ ಕೆಲಸದ ಹುಡುಗಿ ಒಬ್ಬಳು ಬಂದು, "ನೀವು ಯಾರ ಕಡೆಯೋರ್ರಿ?" ಎಂದು ಕೇಳಿದಳು.

"ಅಲ್ಲಿ ನಡಿಸಾಕ ಹತ್ಯಾಳಲ್ಲ, ಆ ಮೇಡಮ್ಮಾರ ಕಡೆಯೋರು" ಎಂದರು.